ಮೊದಲು ನನ್ನ ಕಣ್ಣಿನ ತೊಲೆ



ನಾನು ನಮ್ಮ ತರಗತಿಯ ಲೀಡರ್ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಮೇಷ್ಟ್ರು ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ನನ್ನ ಕೆಲಸ. ಸೀಮೆಸುಣ್ಣ ಕೈಗೆ ಬಂದರೆ ಸಾಕು, ನಾನೇ ಜಡ್ಜ್ ಅಂತ ಅನ್ನಿಸ್ತಿತ್ತು. ಬೇರೆಯವರ ಮೇಲೆ ತೀರ್ಪು ಹೇಳುವುದರ ಬಗ್ಗೆ ಬೈಬಲಿನಲ್ಲಿ ಏನಿದೆ ಎಂದು ಈ ಸಲ ಬರೆಯುತ್ತಿದ್ದೇನೆ.

ಮತ್ತಾಯನ ಸುವಾರ್ತೆಯ 5ರಿಂದ 7ನೇ ಅಧ್ಯಾಯದವರೆಗೆ ಯೇಸು ಬೆಟ್ಟದ ಮೇಲೆ ಕುಳಿತು ಹೇಳಿದ ಬೋಧನೆ ಇದೆ. ಅದನ್ನು ಪರ್ವತ ಪ್ರಸಂಗ ಎನ್ನುತ್ತಾರೆ. 7ನೇ ಅಧ್ಯಾಯ ಶುರುವಾಗುವುದೇ ಈ ವಿಷಯದಿಂದ. ಇನ್ನೊಬ್ಬರನ್ನು ಅಳೆಯುವ ಸೇರಿನಲ್ಲೇ ದೇವರು ನಮ್ಮನ್ನೂ ಅಳೆಯುತ್ತಾನೆ ಎಂಬುದು ಅದರ ಅರ್ಥ. ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಇಟ್ಟುಕೊಳ್ಳುವ ಹಾಗಿಲ್ಲ.

ಮುಂದೆ ರವೆ ಮತ್ತು ತೊಲೆಯ ಹೋಲಿಕೆ ಬರುತ್ತದೆ. ರವೆ ಅಂದರೆ ಉಪ್ಪಿಟ್ಟಿನ ರವೆ ಅಲ್ಲ, ಕಣ್ಣಿಗೆ ಬೀಳುವ ಸಣ್ಣ ಚೂರು. ತೊಲೆ ಅಂದರೆ ಮನೆಯ ಮಾಡನ್ನು ಹೊರುವ ದಪ್ಪ ಮರ. ತನ್ನ ಕಣ್ಣಲ್ಲಿ ತೊಲೆ ಇರುವವನು ಬೇರೆಯವರ ಕಣ್ಣಿನ ರವೆ ತೆಗೆಯಲು ಹೋದರೆ ಹೇಗೆ? ಯೇಸು ಬಡಗಿಯಾಗಿದ್ದರು ಎಂದು ಮಾರ್ಕನ ಸುವಾರ್ತೆಯಲ್ಲಿದೆ. ಅದಕ್ಕೇ ಇರಬೇಕು ಈ ಮರದ ಉದಾಹರಣೆ. ನಮ್ಮ ಹಿರಿಯರೂ ಇದನ್ನೇ, ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದ ಹಾಗೆ ಅಂತಾರೆ.

ನನಗೆ ಇದು ಬಾಯಿಪಾಠ ಇತ್ತು, ಅರ್ಥ ಆಗಿರಲಿಲ್ಲ. ಹಿಂದಿನ ಬೆಂಚಿನ ಗೆಳೆಯನೊಬ್ಬ ಯಾವಾಗಲೂ ಪಕ್ಕದವನ ಜೊತೆ ಪಿಸುಗುಡುತ್ತಿದ್ದ. ನಾನು ದಿನಾ ಅವನ ಹೆಸರು ಬರೀತಿದ್ದೆ. ಒಂದು ದಿನ ಅವನು ಎರಡು ಪೀರಿಯಡ್ ಹೊರಗೆ ನಿಂತ. ಆಮೇಲೆ ಶಾಲೆಯಲ್ಲಿ ಕಣ್ಣಿನ ಪರೀಕ್ಷೆ ನಡೆದಾಗ ನಿಜ ಗೊತ್ತಾಯ್ತು. ಅವನಿಗೆ ಬೋರ್ಡ್ ಸರಿಯಾಗಿ ಕಾಣ್ತಿರಲಿಲ್ಲ! ಬೋರ್ಡಿನ ಮೇಲಿದ್ದ ಲೆಕ್ಕವನ್ನು ಪಕ್ಕದವನ ಹತ್ತಿರ ಕೇಳಿ ಬರೆದುಕೊಳ್ತಿದ್ದ. ನಾನು ಬರೆದ ತನ್ನ ಹೆಸರನ್ನೂ ಅವನು ಬೇರೆಯವರಿಂದಲೇ ತಿಳಿದುಕೊಳ್ಳಬೇಕಿತ್ತು. ಅವನು ಹೊರಗೆ ನಿಂತ ದಿನ ನಾನೂ ನನ್ನ ಪಕ್ಕದವನೂ ಕ್ರಿಕೆಟ್ ಮಾತಾಡ್ತಾ ಕೂತಿದ್ವಿ. ನಮ್ಮಿಬ್ಬರ ಹೆಸರನ್ನು ನಾನು ಬರೆದಿರಲೇ ಇಲ್ಲ.

ಹಾಗಾದರೆ ತಪ್ಪು ಕಂಡರೂ ಸುಮ್ಮನಿರಬೇಕೇ? ಹಾಗಲ್ಲ. ಮೊದಲು ನಿನ್ನ ತೊಲೆ ತೆಗೆ, ಆಗ ಕಣ್ಣು ಚೆನ್ನಾಗಿ ಕಾಣುತ್ತದೆ, ಆಮೇಲೆ ರವೆ ತೆಗೆಯಬಹುದು ಎಂಬುದೇ ಅಲ್ಲಿನ ಕ್ರಮ. ಹೊರನೋಟ ನೋಡಿ ತೀರ್ಪು ಕೊಡಬಾರದು, ನ್ಯಾಯವಾಗಿ ಕೊಡಬೇಕು ಎಂದು ಯೋಹಾನನ ಸುವಾರ್ತೆಯ 7ನೇ ಅಧ್ಯಾಯದಲ್ಲೂ ಇದೆ. ಅದರ 8ನೇ ಅಧ್ಯಾಯದಲ್ಲಿ ತಪ್ಪು ಮಾಡಿದ ಒಬ್ಬ ಹೆಂಗಸಿಗೆ ಕಲ್ಲು ಹೊಡೆಯಬೇಕೆಂದು ಜನ ಎಳೆದು ತರುತ್ತಾರೆ. ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಎಂದು ಯೇಸು ಹೇಳಿದಾಗ ಎಲ್ಲರೂ ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಮೊದಲು ಹೋದವರು ವಯಸ್ಸಾದವರು. ಯೇಸು ಅವಳಿಗೆ ಶಿಕ್ಷೆ ವಿಧಿಸಲಿಲ್ಲ. ತಪ್ಪನ್ನು ಸರಿ ಎಂದೂ ಹೇಳಲಿಲ್ಲ, ಇನ್ನು ಮೇಲೆ ಪಾಪ ಮಾಡಬೇಡ ಎಂದು ಹೇಳಿ ಕಳಿಸಿದರು.

ನಾನು ಗೆಳೆಯನ ಹತ್ತಿರ ಕ್ಷಮೆ ಕೇಳಿದೆ. "ಇರ್ಲಿ ಬಿಡೋ" ಅಂದ. ಆದರೆ ಅವನು ಹೊರಗೆ ನಿಂತ ಆ ಎರಡು ಪೀರಿಯಡ್ ವಾಪಸ್ ಕೊಡೋಕೆ ನನ್ನಿಂದ ಆಗಲ್ಲ. ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಹೆಸರು ಹಾಕಿಲ್ಲ, ಬೋರ್ಡಿನ ಮೇಲೆ ಬರೆದದ್ದೇ ಸಾಕು.

ಈಗ ಹೆಸರು ಬರೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದೇ ತಪ್ಪನ್ನು ನಾನೂ ಮಾಡ್ತಿದ್ದೀನಾ? ಯಾಕೆ ಹೀಗೆ ಮಾಡಿದೆ ಅಂತ ಅವನನ್ನು ಕೇಳಿದ್ದೀನಾ? ಮೊದಲನೆಯದಕ್ಕೆ ಹೌದು ಅಂತ ಉತ್ತರ ಬಂದರೆ ಬೋರ್ಡಿನ ಮೇಲೆ ಮೊದಲ ಹೆಸರು ನನ್ನದೇ. ತಪ್ಪಿದರೆ ನೀವೇ ಎದ್ದು ಬಂದು ಬರೆಯಿರಿ.

– 9ನೇ ತರಗತಿಯ ಲೀಡರ್