ಅಘನಾಶಿನಿಯ ಗಜನಿಗಳು ಮತ್ತು ಜನಸಹಕಾರ

ನೀರೂ ನೆಲವೂ ಒಂದನ್ನೊಂದು ಅಗಲದೆ ಬೆರೆತಿರುವ ಪ್ರದೇಶಗಳಿಗೆ ಜೌಗುಭೂಮಿಗಳೆಂದು ಹೆಸರು. ಕೆರೆಯಂಗಳ, ಹಿನ್ನೀರು, ನದಿಯು ಕಡಲನ್ನು ಸೇರುವ ಅಳಿವೆ, ಕಾಂಡ್ಲಾವನ ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಉಳಲು ಬಾರದ, ಮನೆ ಕಟ್ಟಲು ಒದಗದ ಕೆಸರುನೆಲವೆಂದು ಇವುಗಳನ್ನು ಬಹುಕಾಲ ಅಲಕ್ಷಿಸಲಾಗಿತ್ತು. ಇವುಗಳ ಮಹತ್ವವನ್ನು ಮನಗಂಡ ರಾಷ್ಟ್ರಗಳು 1971ರ ಫೆಬ್ರವರಿ 2ರಂದು ಇರಾನ್ ದೇಶದ ರಾಮ್‌ಸಾರ್ ಪಟ್ಟಣದಲ್ಲಿ ಒಂದು ಒಪ್ಪಂದವನ್ನು ಮಾಡಿಕೊಂಡವು. ಭಾರತವು 1982ರಲ್ಲಿ ಅದನ್ನು ಸೇರಿತು. ಹೀಗಿದ್ದರೂ 1970ರಿಂದ 2015ರವರೆಗಿನ ಅವಧಿಯಲ್ಲಿ ಜಗತ್ತಿನ ಜೌಗುಭೂಮಿಗಳಲ್ಲಿ ಸುಮಾರು ಶೇಕಡಾ 35ರಷ್ಟು ಅಳಿದುಹೋದವೆಂದು ಅಂದಾಜು ಮಾಡಲಾಗಿದೆ. ಒಪ್ಪಂದಗಳು ಅವಶ್ಯವೇ ಸರಿ. ಆದರೆ ಅವು ತಾವಾಗಿಯೇ ನೆಲವನ್ನು ಕಾಯಲಾರವು. ನೆಲವನ್ನು ಕಾಯುವವರು ಅಲ್ಲಿ ಬಾಳುವ ಜನರು. ಈ ಮಾತಿಗೆ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯ ಅಳಿವೆಯು ಉತ್ತಮ ನಿದರ್ಶನವಾಗಿದೆ.

ಶಿರಸಿಯ ಪರಿಸರದಲ್ಲಿ ಹುಟ್ಟುವ ಅಘನಾಶಿನಿಯು ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಘಟ್ಟವನ್ನಿಳಿದು, ಕುಮಟಾ ತಾಲೂಕಿನ ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ನದಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಆದುದರಿಂದ ಘಟ್ಟದ ಮೇಲಿನ ಮೆಕ್ಕಲುಮಣ್ಣು ತಡೆಯಿಲ್ಲದೆ ಅಳಿವೆಯನ್ನು ತಲುಪುತ್ತದೆ. ಉಬ್ಬರದಲ್ಲಿ ಒಳನುಗ್ಗುವ ಉಪ್ಪುನೀರು ನದಿಯ ಸಿಹಿನೀರಿನೊಡನೆ ಬೆರೆಯುವ ಈ ತಾಣದಲ್ಲಿ ಮೀನು, ಸೀಗಡಿ, ಏಡಿ, ಚಿಪ್ಪುಜೀವಿಗಳು ಹೇರಳವಾಗಿ ಬೆಳೆಯುತ್ತವೆ. ಸುಮಾರು 4,800 ಹೆಕ್ಟೇರುಗಳಷ್ಟು ವಿಸ್ತಾರವಾದ ಈ ಅಳಿವೆಯನ್ನು ಆರು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಜೀವನೋಪಾಯಕ್ಕಾಗಿ ನೆಚ್ಚಿಕೊಂಡಿವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರದೊಂದಿಗೆ ಇದೂ ರಾಮ್‌ಸಾರ್ ಪಟ್ಟಿಗೆ ಸೇರಿದ ವಾರ್ತೆಯು 2024ರ ಜನವರಿಯಲ್ಲಿ ಪ್ರಕಟವಾಯಿತು.

ಈ ಅಳಿವೆಯ ಅಂಚಿನಲ್ಲಿ ಹಿರಿಯರು ಮಣ್ಣಿನ ಒಡ್ಡುಗಳನ್ನು ಹಾಕಿ ಗದ್ದೆಗಳನ್ನು ಮಾಡಿಕೊಂಡರು. ಇವೇ ಗಜನಿಗಳು. ಇಲ್ಲಿನ ವಿಶೇಷ ಬೆಳೆ 'ಕಗ್ಗ' ಎಂಬ ಭತ್ತ. ಜೂನ್ ತಿಂಗಳಿನ ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಬಳಿಕ ಬೀಜವನ್ನು ಬಿತ್ತುತ್ತಾರೆ. ಎತ್ತರವಾಗಿ ಬೆಳೆಯುವ ಈ ತಳಿಯು ಉಪ್ಪನ್ನು ಸಹಿಸುತ್ತದೆ. ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ಕೊಳೆಯದೆ ಚೇತರಿಸಿಕೊಳ್ಳುತ್ತದೆ. ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ಬಯಸುವುದಿಲ್ಲ. ಮಳೆಗಾಲದ ಕೊನೆಯಲ್ಲಿ ತೆನೆಗಳನ್ನು ಕೊಯ್ದು ಹುಲ್ಲನ್ನು ಗದ್ದೆಯಲ್ಲಿಯೇ ಬಿಡಲಾಗುತ್ತದೆ. ಅನಂತರ ಒಡ್ಡಿನ ಬಾಗಿಲನ್ನು ತೆರೆದರೆ ಉಬ್ಬರದೊಂದಿಗೆ ಮೀನು ಸೀಗಡಿಗಳ ಮರಿಗಳು ಒಳಬಂದು, ಕೊಳೆತ ಹುಲ್ಲಿನ ಆಶ್ರಯದಲ್ಲಿ ಬೆಳೆಯುತ್ತವೆ. ಹೀಗೆ ಒಂದೇ ನೆಲವು ಮಳೆಗಾಲದಲ್ಲಿ ಅನ್ನವನ್ನೂ ಬೇಸಗೆಯಲ್ಲಿ ಮೀನನ್ನೂ ನೀಡುತ್ತದೆ.

ಈ ವ್ಯವಸಾಯವನ್ನು ಒಬ್ಬನೇ ರೈತನು ನಡೆಸಲಾರನೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಒಡ್ಡಿನೊಳಗಿನ ನೂರಾರು ತುಂಡುಗದ್ದೆಗಳಿಗೆ ಒಡೆಯರು ಬೇರೆಬೇರೆ. ಆದರೆ ನೀರಿಗೆ ಗದ್ದೆಯ ಗಡಿ ತಿಳಿಯದು. ಉಬ್ಬರದಲ್ಲಿ ಬಾಗಿಲನ್ನು ಮುಚ್ಚುವುದು, ಇಳಿತದಲ್ಲಿ ತೆರೆದು ಮಳೆನೀರನ್ನು ಹೊರಬಿಡುವುದು, ಒಡ್ಡು ಒಡೆದಲ್ಲಿ ಕೂಡಲೇ ಮಣ್ಣು ಹಾಕುವುದು ಇವೆಲ್ಲವೂ ಊರೊಟ್ಟಿನ ಕೆಲಸಗಳು. ಒಡ್ಡಿನ ಹೊರಮೈಗೆ ಕಾಂಡ್ಲಾ ಗಿಡಗಳಿದ್ದರೆ ಅವುಗಳ ಬೇರುಗಳು ಮಣ್ಣನ್ನು ಹಿಡಿದು, ಅಲೆಗಳ ಹೊಡೆತವನ್ನು ತಗ್ಗಿಸುತ್ತವೆ.

1970ರ ದಶಕದಲ್ಲಿ ಕಲ್ಲಿನ ಕಾಯಂ ಒಡ್ಡುಗಳು ಬಂದಾಗ ಜನರಿಗೆ ವರ್ಷವರ್ಷದ ದುಡಿಮೆ ತಪ್ಪಿತು. ಅದರೊಡನೆ ಒಡ್ಡು ತಮ್ಮದೆಂಬ ಹೊಣೆಯೂ ಸಡಿಲವಾಯಿತು. ಮುಂದೆ ಸೀಗಡಿಗೆ ಹೊರದೇಶಗಳಲ್ಲಿ ಬೆಲೆ ಬಂದಿತು. ಗಜನಿಗಳನ್ನು ಗುತ್ತಿಗೆಗೆ ಕೊಟ್ಟರೆ ಶ್ರಮವಿಲ್ಲದೆ ಹಣ ಕೈಸೇರುತ್ತಿತ್ತು. ಬಡ ಹಿಡುವಳಿದಾರನಿಗೆ ಅದು ಸಣ್ಣ ಆಕರ್ಷಣೆಯಲ್ಲ. ಆದರೆ ವರ್ಷವಿಡೀ ಉಪ್ಪುನೀರನ್ನು ನಿಲ್ಲಿಸಿದ ಗದ್ದೆಯಲ್ಲಿ ಭತ್ತ ಬೆಳೆಯದು. 1990ರ ದಶಕದಲ್ಲಿ ವೈರಾಣುರೋಗವು ದೇಶದ ಸೀಗಡಿ ಕೊಳಗಳನ್ನು ಪೀಡಿಸಿದಾಗ ಆ ಆದಾಯವೂ ಅಸ್ಥಿರವಾಯಿತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರವಲಯದ ಸೀಗಡಿ ಉದ್ಯಮದ ಕೊಳಗಳನ್ನು ತೆಗೆಯಬೇಕೆಂದು ತೀರ್ಪಿತ್ತು, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ನೀಡಿತು. ಅಷ್ಟರಲ್ಲಿ ಅನೇಕ ಗಜನಿಗಳು ಬೀಳುಬಿದ್ದಿದ್ದವು. ಬಿತ್ತುವವರು ವಿರಳವಾದಂತೆ ಹಕ್ಕಿಗಳ ಹಾವಳಿಯೆಲ್ಲವೂ ಉಳಿದ ಕೆಲವೇ ಗದ್ದೆಗಳ ಮೇಲೆ ಬೀಳತೊಡಗಿತು. ಒಬ್ಬನು ಕೈಬಿಟ್ಟರೆ ನೆರೆಯವನಿಗೂ ನಷ್ಟವೆಂಬುದು ಹೀಗೆ ಅನುಭವಕ್ಕೆ ಬಂದಿತು.

ಈ ವಿಷಯಕ್ಕೆ ಇಂದು ಹೊಸ ಮಹತ್ವ ಬಂದಿದೆ. ಭೂಮಿಯ ತಾಪವೇರಿದಂತೆ ಹಿಮನದಿಗಳು ಕರಗುತ್ತಿವೆ, ಕಾದ ಸಾಗರದ ನೀರು ಹಿಗ್ಗುತ್ತಿದೆ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟವು ಸರಾಸರಿ 20 ಸೆಂಟಿಮೀಟರಿನಷ್ಟು ಏರಿದೆ. ಏರಿಕೆಯ ವೇಗವೂ ಹೆಚ್ಚುತ್ತಿದೆ. ಉಪ್ಪುನೀರು ಕರಾವಳಿಯ ಗದ್ದೆ ಬಾವಿಗಳತ್ತ ಸರಿಯುವ ಇಂತಹ ಕಾಲದಲ್ಲಿ ಉಪ್ಪಿನಲ್ಲಿ ಬೆಳೆಯಬಲ್ಲ ತಳಿಯೊಂದು ಬೆಲೆಕಟ್ಟಲಾಗದ ಸಂಪತ್ತು. ಕಾಂಡ್ಲಾವನಗಳ ಉಪಕಾರವಂತೂ ಇಮ್ಮಡಿಯಾದುದು. ಅವು ತೀರವನ್ನು ರಕ್ಷಿಸುವುದಲ್ಲದೆ, ಗಾಳಿಯಿಂದ ಹೀರಿದ ಇಂಗಾಲವನ್ನು ತಮ್ಮ ಕೆಸರಿನಲ್ಲಿ ದೀರ್ಘಕಾಲ ಹುದುಗಿಸಿಡುತ್ತವೆ. ಆ ಕೆಸರನ್ನು ಅಗೆದು ಬರಿದುಮಾಡಿದರೆ ಇಂಗಾಲವು ಮತ್ತೆ ಗಾಳಿಯನ್ನು ಸೇರುತ್ತದೆ.

ಮಾಣಿಕಟ್ಟಾ ಗ್ರಾಮದ ರೈತರು ಒಂದುಗೂಡಿ ಕಗ್ಗದ ಸಾಮೂಹಿಕ ಬೇಸಾಯವನ್ನು ಉಳಿಸಿಕೊಂಡು ಬಂದುದು ಈ ಹಿನ್ನೆಲೆಯಲ್ಲಿ ಸ್ತುತ್ಯವಾದ ಕಾರ್ಯ. ಬೀಜವನ್ನು ಉಗ್ರಾಣದಲ್ಲಿಟ್ಟ ಮಾತ್ರಕ್ಕೆ ತಳಿ ಉಳಿಯಿತೆನ್ನಲಾಗದು. ಅದು ಪ್ರತಿವರ್ಷ ನೆಲಕ್ಕೆ ಬೀಳಬೇಕು, ಪ್ರತಿವರ್ಷ ಒಡ್ಡಿಗೆ ಮಣ್ಣು ಬೀಳಬೇಕು. ಇದಕ್ಕೆ ತಕ್ಕ ಪ್ರತಿಫಲವು ರೈತನಿಗೆ ದೊರೆಯುವಂತೆ ಮಾಡುವುದು ಸರ್ಕಾರದ ಮತ್ತು ಕೊಳ್ಳುವವರ ಕರ್ತವ್ಯ.

ಬಯಲುಸೀಮೆಯ ವಿದ್ಯಾರ್ಥಿಗಳಿಗೆ ಅಳಿವೆಯು ದೂರದ ವಿಷಯವಾಗಿ ತೋರಬಹುದು. ಆದರೆ ಅವರ ಊರಿನ ಕೆರೆಯೂ ಒಂದು ಜೌಗುಭೂಮಿಯೇ. ಅದರ ಹೂಳು, ಏರಿ, ತೂಬುಗಳೂ ಹಿಂದೆ ಊರವರ ಹೊಣೆಯಾಗಿದ್ದವು. ಆ ಏರಿಯ ಮೇಲೆ ಒಮ್ಮೆ ನಡೆದು, ತೂಬು ಎಲ್ಲಿದೆ, ನೀರು ಯಾವ ಕಾಲುವೆಯಿಂದ ಒಳಬರುತ್ತದೆ, ಆ ಕಾಲುವೆ ಇನ್ನೂ ತೆರೆದಿದೆಯೇ ಎಂದು ನೋಡುವುದರಿಂದಲೇ ರಕ್ಷಣೆಯ ಕಾರ್ಯವು ಆರಂಭವಾಗುತ್ತದೆ.