ಕುದುರೆಗೆ ನಾಟಿ ಮದ್ದು: ಯಾವುದಕ್ಕೆ ಸೈ, ಯಾವುದಕ್ಕೆ ಬೇಡ

ಭತ್ತದ ಕೊಯ್ಲು ಮುಗಿದು ಆನೆಗೊಂದಿ, ಸಾಣಾಪುರದ ಗದ್ದೆಗಳು ಬಯಲಾದರೆ, ಒಣಬೇಸಾಯದ ಸೀಮೆಯ ಕುರಿಗಾರರು ಮಂದೆ ಹೊಡೆದುಕೊಂಡು ತುಂಗಭದ್ರೆಯ ನೀರಾವರಿ ಕಡೆಗೆ ಇಳಿಯುತ್ತಾರೆ. ಅವರ ಸಂಸಾರವೆಲ್ಲ ಕುದುರೆಯ ಬೆನ್ನ ಮೇಲೆ: ಗುಡಾರದ ಬಟ್ಟೆ, ಪಾತ್ರೆ, ಹಿಟ್ಟಿನ ಚೀಲ, ನಡೆಯಲಾರದ ಎಳೆ ಮರಿ, ಒಂದೆರಡು ಕೋಳಿ. ಕುದುರೆ ಮಲಗಿತೆಂದರೆ ಪಯಣವೇ ನಿಂತಂತೆ. ಇಂಥ ಕುದುರೆ ರಾತ್ರಿ ಹೊತ್ತು ಮೇವು ಬಿಟ್ಟು ನೆಲಕ್ಕೆ ಬಿದ್ದು ಹೊರಳಾಡತೊಡಗಿದರೆ ಮೊದಲು ನೆನಪಾಗುವವರು ಹತ್ತಿರದ ಊರಿನ ನಾಟಿ ವೈದ್ಯರು. ಕರೆದ ಕೂಡಲೇ ಬರುತ್ತಾರೆ, ಕೊಟ್ಟಷ್ಟು ಇಸಿದುಕೊಳ್ಳುತ್ತಾರೆ, ಪ್ರಾಣಿಯ ಮೈ ಮುಟ್ಟಿ ಮಾತಾಡಿಸುತ್ತಾರೆ. ಸರಕಾರಿ ಪಶು ಆಸ್ಪತ್ರೆಗೆ ದಿನವೂ ಬರುವುದು ಎಮ್ಮೆ, ಆಕಳು, ಕುರಿ. ಅಲ್ಲಿನ ವೈದ್ಯರಿಗೆ ಕುದುರೆ ಸಿಗುವುದೇ ಅಪರೂಪ. ಹಾಗಾಗಿ ಕುರಿಗಾರರು ನಾಟಿ ವೈದ್ಯರ ಕಡೆ ಹೋಗುವುದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ.

ಆದರೂ ಅವರನ್ನು ನಂಬಬೇಕೋ ಬೇಡವೋ ಎಂದು ಒಟ್ಟಾರೆ ಕೇಳಿದರೆ ಉಪಯೋಗದ ಉತ್ತರ ಸಿಗುವುದಿಲ್ಲ. ಕೇಳಬೇಕಾದ್ದು ಎರಡು. ರೋಗ ತಡೆದುಕೊಳ್ಳುವಂಥದ್ದೋ, ಗಂಟೆಗಳಲ್ಲಿ ಕೊಲ್ಲುವಂಥದ್ದೋ? ಮದ್ದು ಮೈಮೇಲೆ ಹಚ್ಚುವಂಥದ್ದೋ, ಹೊಟ್ಟೆಗೆ ಹೋಗುವಂಥದ್ದೋ?

ಕುದುರೆಯ ಆರೈಕೆ ಈ ನೆಲಕ್ಕೆ ಹೊಸದೇನಲ್ಲ. ಹೊಳೆ ದಾಟಿದರೆ ಹಂಪಿ. ಮಹಾನವಮಿ ದಿಬ್ಬದ ಮೇಲೂ ಹಜಾರರಾಮ ಗುಡಿಯ ಗೋಡೆಯ ಮೇಲೂ ಕುದುರೆಗಳನ್ನು ಹಿಡಿದು ನಡೆಸುವವರ ಸಾಲುಗಳಿವೆ. ಹಾರ್ಮುಜ್‌ನಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳಿಗೆ ವಿಜಯನಗರದ ಅರಸರು ಎಷ್ಟು ಬೆಲೆ ಕಟ್ಟುತ್ತಿದ್ದರೆಂದರೆ, ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಕೊಡುತ್ತಿದ್ದನೆಂದು 16ನೇ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿದ್ದಾನೆ. ಅದಕ್ಕೂ ಹಿಂದೆ, 13ನೇ ಶತಮಾನದ ಕೊನೆಗೆ ತಮಿಳು ಕರಾವಳಿ ಕಂಡ ಮಾರ್ಕೊ ಪೋಲೊ, ಅಲ್ಲಿನ ಅರಸರು ಕೊಂಡ ಕುದುರೆಗಳು ಆರೈಕೆ ಬಲ್ಲವರಿಲ್ಲದೆ ಸಾಯುತ್ತಿದ್ದವೆಂದೂ, ವ್ಯಾಪಾರ ಕುಗ್ಗದಿರಲೆಂದು ವರ್ತಕರು ಕುದುರೆ ವೈದ್ಯರನ್ನು ಅಲ್ಲಿಗೆ ಹೋಗಗೊಡುತ್ತಿರಲಿಲ್ಲವೆಂದೂ ಹೇಳುತ್ತಾನೆ. ಬಲ್ಲವರು ಇಲ್ಲದಿದ್ದರೆ ಯಾರಿಗೆ ಲಾಭ ಎಂಬುದು ಆಗಲೇ ಗೊತ್ತಿತ್ತು.

ಕನ್ನಡದಲ್ಲೂ ಸುಮಾರು 1400ರ ಹೊತ್ತಿಗೆ ಅಭಿನವಚಂದ್ರನ ಅಶ್ವವೈದ್ಯ ಬಂದಿತ್ತು. ದನಗಳಿಗೆ ಅದಕ್ಕೂ ಮುಂಚೆ ಕೀರ್ತಿವರ್ಮನ ಗೋವೈದ್ಯವಿತ್ತು. ಅಂಥ ಕೃತಿಗಳ ಬಗ್ಗೆ ನನಗೆ ತುಂಬು ಗೌರವವಿದೆ. ಹಲ್ಲು ನೋಡಿ ವಯಸ್ಸು ಹೇಳುವುದು, ಋತುವಿಗೆ ತಕ್ಕ ಮೇವು, ದುಡಿಸಿದ ಮೇಲಿನ ವಿಶ್ರಾಂತಿ, ಇವೆಲ್ಲ ಹಳಬರು ಕಣ್ಣಿಟ್ಟು ನೋಡಿ ಕಲಿತದ್ದು. ಆದರೆ ಹಳೆಯದೆಂಬ ಒಂದೇ ಕಾರಣಕ್ಕೆ ಒಂದು ಕಷಾಯ ಗುಣ ಕೊಡುವುದಿಲ್ಲ. ಅಲ್ಲದೆ ಇಂದು ಹಳ್ಳಿಯಲ್ಲಿ ಕುದುರೆಗೆ ಕೊಡುವ ಮದ್ದಿನ ಬಹುಪಾಲು ಅಶ್ವವೈದ್ಯದಿಂದ ಬಂದದ್ದೇ ಅಲ್ಲ. ದನಕ್ಕೆ ಕೊಡುವುದನ್ನೇ ಕುದುರೆಗೂ ಕೊಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ದನ ಮೆಲುಕು ಹಾಕುವ ಪ್ರಾಣಿ. ಅದರ ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಎಷ್ಟೋ ವಿಷವನ್ನು ಮೊದಲೇ ಒಡೆದುಬಿಡುತ್ತವೆ, ಗಾಳಿ ತುಂಬಿದರೆ ತೇಗಿ ಹೊರಹಾಕುತ್ತದೆ. ಕುದುರೆಯ ಜಠರ ಹಿಡಿಯುವುದು 8ರಿಂದ 15 ಲೀಟರ್ ಅಷ್ಟೆ. ಅದು ವಾಂತಿ ಮಾಡಲಾರದು. ಒಮ್ಮೆ ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು, ಹೋಗದಿದ್ದರೆ ಜಠರವೇ ಒಡೆಯುತ್ತದೆ. ಈರುಳ್ಳಿ ಹೆಚ್ಚಾದರೆ ಕುದುರೆಯ ಕೆಂಪು ರಕ್ತಕಣಗಳು ನಾಶವಾಗುತ್ತವೆ. ಕೋಳಿ ಮತ್ತು ದನದ ಕೆಲವು ಸಿದ್ಧ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ದನಕ್ಕೆ ಒಗ್ಗುವ ಪ್ರಮಾಣದಲ್ಲೇ ಕುದುರೆಯ ಹೃದಯಕ್ಕೆ ಮಾರಕ. ಆಕಳ ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಪದ್ಧತಿಯನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡುತ್ತಿದೆ, ಅದಕ್ಕೆ ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಜ್ಞಾನದ ನೆರವಿದೆ. ನಾಟಿ ಜ್ಞಾನವನ್ನು ಹೀಗೆ ಎತ್ತಿ ಒರೆಗೆ ಹಚ್ಚುವುದು ಸರಿಯಾದ ದಾರಿ. ಆದರೆ ಆ ಕೆಲಸ ನಡೆದದ್ದು ಹೈನುರಾಸುಗಳ ಮೇಲೆ. ಆಕಳಿಗೆ ಆದದ್ದು ಕುದುರೆಗೂ ಆಗುತ್ತದೆ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಈ ಸೀಮೆಯಲ್ಲಿ ಕುದುರೆಯನ್ನು ಅತಿ ಬೇಗ ತೆಗೆದುಕೊಂಡು ಹೋಗುವುದು ಹೊಟ್ಟೆಶೂಲೆ. ಕಣದಲ್ಲಿ ರಾಶಿ ಬಿದ್ದಿರುತ್ತದೆ, ರಾತ್ರಿ ಹಗ್ಗ ಕಿತ್ತುಕೊಂಡ ಕುದುರೆ ಹೊಟ್ಟೆ ಬಿರಿಯೆ ಭತ್ತವನ್ನೋ ತೌಡನ್ನೋ ತಿನ್ನುತ್ತದೆ. ನೀರು ಸಾಲದೆ ಒರಟು ಹುಲ್ಲು ಕರುಳಲ್ಲಿ ಕಟ್ಟಿಕೊಳ್ಳುವುದೂ ಉಂಟು. ಮುಂಗಾಲಿನಿಂದ ನೆಲ ಕೆರೆಯುವುದು, ತಿರುತಿರುಗಿ ಪಕ್ಕೆ ನೋಡಿಕೊಳ್ಳುವುದು, ಮೇಲ್ತುಟಿ ಸುರುಳಿಸುವುದು, ಬೆವರುವುದು, ಮಲಗಿ ಹೊರಳುವುದು ಇದರ ಗುರುತು. ಇಂಥ ಹೊತ್ತಿನಲ್ಲಿ ನಾಟಿ ವೈದ್ಯರು ತಲೆ ಎತ್ತಿ ಹಿಡಿಸಿ ಬಾಯಿಗೆ ಗೊಟ್ಟ ಇಟ್ಟು ಎಣ್ಣೆಯನ್ನೋ ಕಷಾಯವನ್ನೋ ಹೊಯ್ಯುತ್ತಾರೆ. ಇದನ್ನು ಖಂಡಿತ ಮಾಡಗೊಡಬೇಡಿ. ತಲೆ ಎತ್ತಿದ, ನೋವಿನಿಂದ ಏದುಸಿರು ಬಿಡುವ ಕುದುರೆಯ ಶ್ವಾಸನಾಳಕ್ಕೆ ಎಣ್ಣೆ ಸುಲಭವಾಗಿ ಇಳಿಯುತ್ತದೆ. ಶೂಲೆ ವಾಸಿಯಾದರೂ ನಾಲ್ಕು ದಿನದಲ್ಲಿ ಶ್ವಾಸಕೋಶದ ಉರಿಯೂತದಿಂದ ಅದು ಸಾಯಬಹುದು. ಜಠರ ಆಗಲೇ ತುಂಬಿದ್ದರೆ ಮತ್ತೆರಡು ಲೀಟರ್ ಸೇರುವುದು ಅಪಾಯ. ಪಶುವೈದ್ಯರು ಮೂಗಿನ ಮೂಲಕ ನಳಿಕೆ ಇಳಿಸಿದಾಗ ಮೊದಲು ನೋಡುವುದು ಒಳಗಿನದು ಹೊರಬರುತ್ತದೆಯೇ ಎಂದು. ಎಣ್ಣೆ ಹಾಕುವ ಮಾತು ಆಮೇಲಿನದು. ಮದ್ದಿನಲ್ಲಿ ಉಮ್ಮತ್ತಿ ಇದ್ದರಂತೂ ನೋವು ಇಳಿದಂತೆ ಕಾಣುತ್ತದೆ, ಕರುಳಿನ ಚಲನೆಯೇ ನಿಲ್ಲುತ್ತದೆ.

ವೈದ್ಯರು ಬರುವ ತನಕ ಯಜಮಾನ ಮಾಡಬಹುದಾದ ಪರೀಕ್ಷೆ ಒಂದಿದೆ. ಕುದುರೆಯ ಮೇಲ್ತುಟಿ ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ನಸುಗೆಂಪಾಗಬೇಕು. ಒಸಡು ಇಟ್ಟಿಗೆಗೆಂಪೋ ನೀಲಿಯೋ ಆಗಿದ್ದರೆ, ಬೆರಳಿಗೆ ಅಂಟಂಟಾಗಿ ಹತ್ತಿದರೆ ಕೇಡು. ಬಳಿಕ ದವಡೆಯ ಕೆಳಗೆ ಹರಿಯುವ ರಕ್ತನಾಳದ ಮೇಲೆ ಬೆರಳಿಟ್ಟು ನಾಡಿ ಎಣಿಸಿ. ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಬಡಿತ ಸಾಮಾನ್ಯ. 60 ದಾಟಿದರೆ ಕಾಯುವಂತಿಲ್ಲ. ಪಕ್ಕೆಗೆ ಕಿವಿಯಿಟ್ಟರೆ ಕರುಳಿನ ಗುಡುಗುಡು ಕೇಳಬೇಕು, ಎರಡೂ ಬದಿ ಮೌನವಾಗಿದ್ದರೆ ಅದೂ ಅಪಾಯದ ಗುರುತು. ಲದ್ದಿ ಹಾಕಿತೇ, ಎಷ್ಟು ಹೊತ್ತಾಯಿತು ಎಂಬುದನ್ನೂ ನೆನಪಿಟ್ಟುಕೊಳ್ಳಿ. ಧಾನ್ಯ ಅತಿಯಾಗಿ ತಿಂದ ಕುದುರೆ ಒಂದೆರಡು ದಿನದಲ್ಲಿ ಹಿಂದಕ್ಕೆ ವಾಲಿ, ಮುಂಗಾಲು ಚಾಚಿ ನಿಂತರೆ, ಗೊರಸು ಮುಟ್ಟಿದರೆ ಬಿಸಿಯಿದ್ದರೆ, ಗೊರಸಿನೊಳಗೆ ಉರಿಯೂತ ಶುರುವಾಗಿದೆ ಎಂದರ್ಥ. ಆಗ ನಡೆಸಬೇಡಿ. ಕಾಲು ಐಸಿನಲ್ಲಿಡುವುದು ಉಪಕಾರಿ, ಬರೆ ಹಾಕುವುದು ಅಲ್ಲ.

ಹಾಗಿದ್ದರೆ ನಾಟಿ ಮದ್ದಿನಿಂದ ವಾಸಿಯಾಯಿತು ಎನ್ನುವವರು ಇಷ್ಟು ಮಂದಿ ಏಕಿದ್ದಾರೆ? ಅವರು ಸುಳ್ಳಾಡುತ್ತಿಲ್ಲ. ಸಣ್ಣ ಹೊಟ್ಟೆಶೂಲೆಗಳಲ್ಲಿ ಹೆಚ್ಚಿನವು ತಾವಾಗಿಯೇ ಕಳೆಯುತ್ತವೆ, ಆ ಹೊತ್ತಿನಲ್ಲಿ ಕೈಯಲ್ಲಿದ್ದ ಕಷಾಯಕ್ಕೆ ಹೆಸರು ಬರುತ್ತದೆ. ಸರ್ರಾ ಎಂಬ ರೋಗ ಇದಕ್ಕೆ ತೀರ ಒಪ್ಪುವ ಉದಾಹರಣೆ. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ಈ ರಕ್ತದ ಪರೋಪಜೀವಿಯನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡ. ಇದರಲ್ಲಿ ಜ್ವರ ಏರುತ್ತದೆ, ತಾನೇ ಇಳಿಯುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಏರುತ್ತದೆ. ಜ್ವರ ಏರಿದ ದಿನ ಮದ್ದು, ಇಳಿದ ದಿನ ಸಂತೋಷ. ಹೀಗೆ ಮೂರು ಸುತ್ತು ಆಗುವಷ್ಟರಲ್ಲಿ ಕುದುರೆಯ ಕಾಲು, ಹೊಟ್ಟೆ ಬಾತು, ಮೈ ಸೊರಗಿ, ರಕ್ತ ಬತ್ತಿರುತ್ತದೆ. ಜ್ವರವಿದ್ದಾಗ ಕಿವಿಯ ತುದಿಯ ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದರೆ ಮೊದಲ ವಾರವೇ ತಿಳಿಯಬಹುದಿತ್ತು.

ಪ್ರೀತಿಯಿಂದ ನೋಡುವ ಕಣ್ಣಿಗೂ ಗುಣವಾದಂತೆ ಕಾಣುತ್ತದೆ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕುಂಟುವ ನಾಯಿಗಳಿಗೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟಿದ್ದರು. ಕಾಲಿನ ಒತ್ತಡ ಅಳೆಯುವ ಯಂತ್ರ ಏನೂ ಬದಲಾಗಿಲ್ಲವೆಂದಾಗಲೂ ಅರ್ಧಕ್ಕಿಂತ ಹೆಚ್ಚು ಸಲ ಒಡೆಯರು ಗುಣ ಕಂಡರು. ಪಶುವೈದ್ಯರೂ ಕಂಡರು. ಡಿಗ್ರಿ ಇದ್ದವರು ಇದಕ್ಕೆ ಹೊರತಲ್ಲ. ಕುಂಟುವ ಕುದುರೆಯ ಕಾಲಿಗೆ ಕಾದ ಕಬ್ಬಿಣ ಒತ್ತುವುದನ್ನು ಬ್ರಿಟನ್ನಿನ ಕಲಿತ ಪಶುವೈದ್ಯರೇ ತಲೆಮಾರುಗಳ ಕಾಲ ಮಾಡಿದರು. 1983ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಅಳೆದು ನೋಡಿ ಅದರಿಂದ ಉಪಯೋಗವಿಲ್ಲವೆಂದು ತೋರಿಸಿದರು. ಆದ್ದರಿಂದ ನಮ್ಮ ಊರಿನಲ್ಲಿ ಬರೆ ಹಾಕುವವರನ್ನು ಮಾತ್ರ ಅಜ್ಞಾನಿಗಳೆನ್ನುವುದು ತಪ್ಪು. ಬರೆ ನಿಲ್ಲಬೇಕು, ಅಷ್ಟೇ. ಪ್ರಾಣಿಗೆ ಅದು ಬರಿಯ ನೋವು. ಹೋಮಿಯೋಪಥಿಗೂ ಇದೇ ಅಳತೆ ಹಾಕುತ್ತೇನೆ. ಅದು ಸಕ್ಕರೆ ಗುಳಿಗೆಯಾದ್ದರಿಂದ ತಾನಾಗಿ ಕೆಡುಕು ಮಾಡದು, ಅದನ್ನು ನಂಬಿ ಕಳೆದ ಹೊತ್ತು ಕೆಡುಕು ಮಾಡುತ್ತದೆ.

ಧನುರ್ವಾಯುವಿಗೆ ಸಾಕುಪ್ರಾಣಿಗಳಲ್ಲೇ ಹೆಚ್ಚು ಬಲಿಯಾಗುವುದು ಕುದುರೆ. ಗೊರಸಿಗೆ ಚುಚ್ಚಿದ ಮೊಳೆ ಸಾಕು. ಗಾಯಕ್ಕೆ ಸಗಣಿ, ಮಣ್ಣು ಮೆತ್ತುವುದೆಂದರೆ ರೋಗದ ಬೀಜವನ್ನೇ ಬಿತ್ತಿದ ಹಾಗೆ. ಕುದುರೆ ಬಾಯಿ ಬಿಗಿದು, ಬಾಲ ಎತ್ತಿ, ಮರದ ಕುದುರೆಯಂತೆ ನಡೆದರೆ, ಗಲ್ಲ ಎತ್ತಿದಾಗ ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಸರಕ್ಕನೆ ಬಂದು ಮುಚ್ಚಿದರೆ ಮಂತ್ರಕ್ಕೂ ಕಷಾಯಕ್ಕೂ ಕಾಲವಲ್ಲ. ಮುಂಚಿತವಾಗಿ ಕೊಡಿಸುವ ಲಸಿಕೆಯೇ ಇದಕ್ಕೆ ನಿಜವಾದ ಮದ್ದು. ಗ್ಲ್ಯಾಂಡರ್ಸ್ ಇನ್ನೊಂದು. ಮೂಗಿನಿಂದ ಅಂಟಾದ ದಪ್ಪ ಕೀವು, ಮೂಗಿನೊಳಗೆ ಹುಣ್ಣು, ಕಾಲಿನುದ್ದಕ್ಕೂ ಗಂಟುಗಳು ಕಂಡರೆ ಯಾರೂ ಬರಿಗೈಯಲ್ಲಿ ಮುಟ್ಟಬಾರದು, ವೈದ್ಯರೂ ಸೇರಿ. ಇದು ಮನುಷ್ಯರಿಗೆ ಹತ್ತುತ್ತದೆ, ಕೊಲ್ಲುತ್ತದೆ. 2009ರ ಸಾಂಕ್ರಾಮಿಕ ಪಶುರೋಗ ಕಾನೂನಿನಡಿ ಸರಕಾರಕ್ಕೆ ತಿಳಿಸಲೇಬೇಕಾದ ರೋಗ. ರಕ್ತ ಪರೀಕ್ಷೆಗೆ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ.

ಇಷ್ಟೆಲ್ಲ ಹೇಳಿದ ಮೇಲೂ ನಾಟಿ ಕೈಗಳಿಗೆ ಒಪ್ಪಿಸಬೇಕಾದ ಕೆಲಸಗಳಿವೆ. ಲಾಳ ಕಟ್ಟುವ ಅನುಭವಿ ನಾಲಬಂದರ ಕಣ್ಣು ಎಷ್ಟೋ ಡಾಕ್ಟರಿಗಿಂತ ಚುರುಕು. ಗೊರಸು ಎತ್ತಿದ ಕೂಡಲೇ ಯಾವ ಬದಿ ಸವೆದಿದೆ, ಎಲ್ಲಿ ಕೊಳೆತಿದೆ ಎಂದು ಹೇಳುತ್ತಾರೆ. ನೊಣಕ್ಕೆ ಬೇವಿನೆಣ್ಣೆ, ಸಣ್ಣ ತರಚಿಗೆ ಉಪ್ಪುನೀರಿನಲ್ಲಿ ತೊಳೆದು ಅರಿಶಿನ ಹಚ್ಚುವುದು ಸರಿಯೇ. ಬೆನ್ನು ಹುಣ್ಣಿಗೆ ಮಾತ್ರ ಯಾವ ಲೇಪವೂ ಸಾಲದು. ಹೇರಿನ ಗಾದಿ ಎಲ್ಲಿ ಒತ್ತುತ್ತಿದೆಯೋ ಅಲ್ಲಿ ಸರಿಪಡಿಸಿ, ಹುಣ್ಣು ಮಾಯುವ ತನಕ ಹೇರು ಬಿಡಿಸಬೇಕು. ಮದ್ದು ಕೊಡುವ ಹಿರಿಯರನ್ನು ಮರ್ಯಾದೆಯಿಂದಲೇ ಕೇಳಿ: "ಕಾಕಾ, ಇದ್ರಾಗ ಏನೇನ್ ಹಾಕೀರಿ? ಎಷ್ಟು ಕುದುರಿಗೆ ಕೊಟ್ಟೀರಿ? ಸಂಜೀತನಾ ಆರಾಮ ಆಗ್ಲಿಲ್ಲಂದ್ರ ಏನ್ ಮಾಡ್ಬೇಕು?" ಕೊನೆಯ ಪ್ರಶ್ನೆಗೆ "ಡಾಕ್ಟ್ರನ್ನ ಕರೀರಿ" ಎನ್ನುವವರು ನಂಬಿಕೆಗೆ ಅರ್ಹರು. ಮದ್ದಿನ ಹೆಸರು ಹೇಳಿದರೆ ಗುಣ ಹೋಗುತ್ತದೆ ಎನ್ನುವವರ ಮದ್ದು ಹೊಟ್ಟೆಗೆ ಬೇಡ.

1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯಂತೆ ನೋಂದಾಯಿತ ಪಶುವೈದ್ಯರು ಮಾತ್ರ ಚಿಕಿತ್ಸೆ ಕೊಡಬಹುದು. ಸಣ್ಣಪುಟ್ಟ ಸೇವೆಗಳನ್ನು ಅವರ ಮೇಲ್ವಿಚಾರಣೆಯಲ್ಲಿ ಬೇರೆಯವರು ಮಾಡಬಹುದು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಿ, ಕುದುರೆ ಎಂದು ಮೊದಲೇ ಹೇಳಿ, ನಾಡಿ ಎಷ್ಟು, ಒಸಡಿನ ಬಣ್ಣ ಏನು, ಲದ್ದಿ ಯಾವಾಗ ಹಾಕಿತು ಎಂಬುದನ್ನು ತಿಳಿಸಿ. ಹತ್ತಿರದ ಪಶುವೈದ್ಯ ಕಾಲೇಜು ಗದಗಿನಲ್ಲಿದೆ, ಸ್ಥಳೀಯ ವೈದ್ಯರು ಅಲ್ಲಿನವರ ಸಲಹೆ ಕೇಳುವಂತೆ ಒತ್ತಾಯಿಸಿ. ವೈದ್ಯರು ಬಂದಾಗ ನಾಟಿ ಮದ್ದು ಕೊಟ್ಟದ್ದನ್ನು ಮುಚ್ಚಿಡಬೇಡಿ. ಬೈಗುಳಕ್ಕೆ ಹೆದರಿ ಅದನ್ನು ಹೇಳದೆ ಉಳಿದರೆ, ಅವರು ಕೊಡುವ ಇಂಜೆಕ್ಷನ್ನು ಮೊದಲೇ ಹೊಟ್ಟೆಯಲ್ಲಿರುವ ಮದ್ದಿನೊಡನೆ ಸೇರಿ ಏನು ಮಾಡೀತೆಂದು ಅವರಿಗೂ ತಿಳಿಯದು. ಉಳಿದ ಮದ್ದಿನ ಬಾಟಲಿ, ಸೊಪ್ಪಿನ ಚೂರು ಇದ್ದರೆ ಅದನ್ನೂ ಅವರ ಕೈಗೆ ಕೊಡಿ.