ಕಡಲ ತಳದ ಉಗ್ರಾಣ

ದಕ್ಷಿಣ ಕನ್ನಡ, ಉಡುಪಿಗಳ ಕಡೆಯಿಂದ ಬಂದ ನಮ್ಮ ವಾಚಕರಲ್ಲಿ ಬೂತಾಯಿ, ಬಂಗುಡೆಗಳ ಹೆಸರನ್ನರಿಯದವರು ವಿರಳ. ಶಾಕಾಹಾರಿ ಹೋಟೆಲಿನಲ್ಲಿ ದುಡಿಯುವವರೂ ಇದಕ್ಕೆ ಹೊರತಲ್ಲ. ಆದರೆ ಈ ಮೀನುಗಳು ಅಗಾಧವಾದ ನಡುಗಡಲನ್ನು ಬಿಟ್ಟು ಕರಾವಳಿಯ ಅಂಚಿನಲ್ಲಿಯೇ ಹಿಂಡುಗಟ್ಟುವುದೇಕೆ? ಉತ್ತರವನ್ನು ಕಡಲಿನ ತಳದಲ್ಲಿ ಹುಡುಕಬೇಕು.

ಹೋಟೆಲಿನ ಭಾಷೆಯಲ್ಲಿ ಹೇಳುವುದಾದರೆ, ಕಡಲು ಒಲೆಯನ್ನು ಮಹಡಿಯ ಮೇಲೂ ಉಗ್ರಾಣವನ್ನು ನೆಲಮಾಳಿಗೆಯಲ್ಲೂ ಇಟ್ಟ ಅಡಿಗೆಮನೆ. ಸಸ್ಯ ಬೆಳೆಯುವಷ್ಟು ಬಿಸಿಲು ತಲುಪುವುದು ಮೇಲಿನ ಸುಮಾರು 100 ಮೀಟರುಗಳಿಗೆ. ದಡದ ಕದಡಿದ ನೀರಿನಲ್ಲಿ ಅದಕ್ಕಿಂತಲೂ ಕಡಿಮೆ. ಕಣ್ಣಿಗೆ ಕಾಣದ ಸಸ್ಯಾಣುಗಳು ಬೆಳೆಯಬೇಕಾದುದು ಅಲ್ಲಿಯೇ. ಅವನ್ನು ತಿಂದು ಕಿರುಜೀವಿಗಳು, ಕಿರುಜೀವಿಗಳನ್ನು ತಿಂದು ಮೀನುಗಳು ಬದುಕುತ್ತವೆ. ಬೂತಾಯಿಯಂತೂ ಸಸ್ಯಾಣುಗಳನ್ನೇ ನೇರವಾಗಿ ಸೋಸಿ ತಿನ್ನುತ್ತದೆ. ಆದರೆ ಈ ಪೈರಿಗೆ ಬೇಕಾದ ನೈಟ್ರೇಟ್, ಫಾಸ್ಫೇಟ್‌ಗಳೆಂಬ ಗೊಬ್ಬರವು ಸತ್ತ ಜೀವಿಗಳೊಡನೆ ಕೆಳಗಿಳಿದು ಕತ್ತಲೆಯಲ್ಲಿ ಸಂಚಯವಾಗಿರುತ್ತದೆ. ಮೇಲಿನ ಬೆಚ್ಚನೆಯ ನೀರು ಹಗುರ, ಕೆಳಗಿನ ತಣ್ಣೀರು ಭಾರ. ಎರಡೂ ಸುಲಭವಾಗಿ ಬೆರೆಯವು. ಸಾಮಾನನ್ನು ಹೊತ್ತು ತರುವ ಆಳಿಲ್ಲದ ಮೇಲೆ ಒಲೆ ಉರಿದು ಪ್ರಯೋಜನವೇನು? ಕವಿಗಳು ಮೆಚ್ಚುವ ನಡುಗಡಲ ಅಚ್ಚನೀಲಿಯು ನಿಜವಾಗಿ ಬಡತನದ ಬಣ್ಣ.

ನಮ್ಮ ಕರಾವಳಿಯಲ್ಲಿ ಆ ಆಳಿನ ಕೆಲಸವನ್ನು ಮಾಡುವುದು ಮುಂಗಾರಿನ ಗಾಳಿ. 1893ರಿಂದ 1896ರವರೆಗೆ 'ಫ್ರಾಮ್' ಹಡಗಿನಲ್ಲಿ ಉತ್ತರಧ್ರುವದ ಕಡಲಿನಲ್ಲಿ ತೇಲಿದ ನಾರ್ವೆಯ ನಾನ್ಸೆನ್ನರು, ಹಿಮವು ಗಾಳಿಯ ಜಾಡಿನಲ್ಲಿ ಹೋಗದೆ ಅದರ ಬಲಕ್ಕೆ ಸರಿಯುವುದನ್ನು ಕಂಡರು. ಭೂಮಿ ತಿರುಗುವುದೇ ಇದಕ್ಕೆ ಕಾರಣವೆಂದು ಸ್ವೀಡನ್ನಿನ ಎಕ್ಮನ್ನರು 1905ರಲ್ಲಿ ಗಣಿತದಿಂದ ತೋರಿಸಿದರು. ಕೇರಳ, ಕರ್ನಾಟಕಗಳ ದಡದುದ್ದಕ್ಕೂ ಗಾಳಿಯು ದಕ್ಷಿಣಕ್ಕೆ ವಾಲಿ ಬೀಸುವಾಗ ಮೇಲ್ನೀರು ಅದರ ಬಲಕ್ಕೆ, ಎಂದರೆ ಪಡುವಣಕ್ಕೆ, ಸರಿಯುತ್ತದೆ. ತೆರವಾದ ಎಡೆಗೆ ಆಳದ ತಣ್ಣೀರು ಕಡಲತಳದ ಇಳಿಜಾರನ್ನೇರಿ ಗೊಬ್ಬರದೊಡನೆ ಬೆಳಕಿಗೆ ಬರುತ್ತದೆ. ಈ ನೀರಿನಲ್ಲಿ ಪ್ರಾಣವಾಯು ಕಡಿಮೆ. ಆದುದರಿಂದ ತಳದ ಮೀನುಗಳು ಸ್ಥಳ ಬಿಡಬೇಕಾಗುವುದೂ ಉಂಟು.

ತಳವು ಉಬ್ಬಿದಲ್ಲಿಯೂ ನೀರು ಕಲಕುತ್ತದೆ. ಕನ್ಯಾಕುಮಾರಿಯ ದಕ್ಷಿಣಕ್ಕಿರುವ ವಾಡ್ಜ್ ಬ್ಯಾಂಕ್ ಅಂತಹದೊಂದು. ಗುಮಾಸ್ತ ಮಿತ್ರರು ಬ್ಯಾಂಕೆಂದೊಡನೆ ಪಾಸ್‌ಬುಕ್ಕನ್ನು ನೆನೆಯಬಾರದು. ಇದು ನೀರಿನೊಳಗಿನ ವಿಸ್ತಾರವಾದ ದಿಣ್ಣೆ. ಹರಿವ ನೀರು ಇಂತಹ ದಿಣ್ಣೆಗೆ ತಾಗಿದಾಗ ಮೇಲಕ್ಕೇಳುತ್ತದೆ. ಇಲ್ಲಿಯ ಮತ್ಸ್ಯಸಂಪತ್ತು ಎಷ್ಟೆಂದರೆ, ಇದರ ಹಕ್ಕು ಭಾರತದ್ದೆಂದು 1976ರಲ್ಲಿ ಶ್ರೀಲಂಕೆಯೊಡನೆ ಒಪ್ಪಂದವೇ ಆಯಿತು.

ಇಂತಹ ಉಗ್ರಾಣವೂ ಕೈಕೊಡುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದೊರೆತಿತ್ತು. 2021ರಲ್ಲಿ ದೊರೆತುದು ಸುಮಾರು 3,300 ಟನ್ ಮಾತ್ರ. ನೂರು ಬುಟ್ಟಿ ಬರುತ್ತಿದ್ದಲ್ಲಿ ಒಂದು ಬುಟ್ಟಿಯೂ ತುಂಬಲಿಲ್ಲವೆಂದರೆ ದೋಣಿಯವನ ಮನೆಯ ಗತಿಯೇನೆಂದು ವಾಚಕರೇ ಊಹಿಸಬಹುದು. ಮಳೆಗಾಲದ ಏರುಪೇರು, ಕಡಲಿನ ಬಿಸಿ, ಮಿತಿಮೀರಿದ ಹಿಡಿತ ಎಲ್ಲಕ್ಕೂ ತಜ್ಞರು ಪಾಲು ಹಂಚಿದ್ದಾರೆ. ಮೇಲ್ನೀರು ಕಾದಷ್ಟೂ ಹಗುರಾಗಿ, ಕೆಳಗಿನದರೊಡನೆ ಬೆರೆಯಲು ಇನ್ನಷ್ಟು ಕಷ್ಟವಾಗುತ್ತದೆ. ಗಾಳಿಗಾಗಲಿ ಬಿಸಿಲಿಗಾಗಲಿ ಮೀನುಗಾರನು ಅಪ್ಪಣೆ ಮಾಡಲಾರ. ಬಲೆಯ ಕಣ್ಣು ಮಾತ್ರ ಅವನ ಕೈಯಲ್ಲಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಬೂತಾಯಿ ಮೊಟ್ಟೆಯಿಡುವುದೂ ಈ ಮಳೆಗಾಲದಲ್ಲಿಯೇ. 10 ಸೆಂಟಿಮೀಟರಿಗಿಂತ ಕಿರಿದಾದ ಬೂತಾಯಿಯನ್ನು ಹಿಡಿಯಬಾರದೆಂದು ಕೇರಳವು ಕಟ್ಟಳೆ ಮಾಡಿದೆ. ಅದನ್ನು ಮೀರಿ ಹಿಡಿದ ಮರಿಯು ಮುಂದಿನ ವರ್ಷದ ಮೊಟ್ಟೆಗೆ ಉಳಿಯುವುದಿಲ್ಲ.